ಟ್ರಿನಿಡಾಡ್‌ನಲ್ಲಿ ಊರಿನ ಊಟ ಬೇಕಾ? ಗಡಿಯಾರ ನೋಡಿಕೊಂಡು ಹೊರಡಿ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿರುವ ಕನ್ನಡಿಗರು. ಜನವರಿಯಲ್ಲಿ ನಾನು, ನನ್ನ ಹೆಂಡತಿ, ಅಮ್ಮ ಮೂವರೂ ಟ್ರಿನಿಡಾಡ್‌ನಲ್ಲಿ ನಾಲ್ಕು ದಿನ, ಟೊಬೆಗೊದಲ್ಲಿ ಮೂರು ದಿನ ಇರುತ್ತೇವೆ. ನಾನು ಮೀನು, ಕೋಳಿ ತಿನ್ನುತ್ತೇನೆ. ಹೆಂಡತಿ ಮತ್ತು ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಹೋಟೆಲ್ ಬಫೆ ತಿಂದು ಬರೋದಕ್ಕೆ ಅಷ್ಟು ದೂರ ಯಾಕೆ ಹೋಗಬೇಕು ಅನ್ನಿಸುತ್ತಿದೆ. ಅಲ್ಲಿಯ ಜನ ತಿನ್ನುವ ಊಟ ಎಲ್ಲಿ ಸಿಗುತ್ತದೆ? ಅಮ್ಮನಿಗೆ ಉಪವಾಸವೇ ಗತಿಯಾ?

ಉತ್ತರ: ಉಪವಾಸ ಅನ್ನೋ ಮಾತೇ ಅಲ್ಲಿ ನಿಮ್ಮ ಅಮ್ಮನಿಗೆ ಊಟ ಕೊಡಿಸುತ್ತದೆ. ಅದು ಹೇಗೆ ಅಂತ ಆಮೇಲೆ ಹೇಳುತ್ತೇನೆ. ಕೆಲಸದ ಮೇಲೆ ನಾನು ಮೂರು ವರ್ಷ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನಲ್ಲಿದ್ದೆ, ನಾನೂ ಸಸ್ಯಾಹಾರಿ, ಮೂರು ವರ್ಷದಲ್ಲಿ ಆರು ಕೇಜಿ ಜಾಸ್ತಿಯಾಗಿ ಬಂದೆ. ಕೆರಿಬಿಯನ್ ದ್ವೀಪಗಳಲ್ಲಿ ನಮ್ಮಂಥವರಿಗೆ ಇಷ್ಟು ಸುಲಭದ ಊರು ಕಡಿಮೆ.

ಮೊದಲು ಒಂದು ಮಾತು. ನೀವು "ಎಲ್ಲಿ" ಅಂತ ಕೇಳಿದ್ದೀರಿ. ಟ್ರಿನಿಡಾಡ್‌ನಲ್ಲಿ ಕೇಳಬೇಕಾದ್ದು "ಎಷ್ಟು ಗಂಟೆಗೆ" ಅಂತ. ಅಲ್ಲಿಯ ಒಳ್ಳೆ ಊಟ ಟೇಬಲ್ ಹಾಕಿದ ರೆಸ್ಟೋರೆಂಟ್‌ಗಳಲ್ಲಿ ಕಮ್ಮಿ. ರಸ್ತೆ ಬದಿಯ ಛತ್ರಿ ಕೆಳಗೆ, ತಗಡಿನ ಶೆಡ್ಡಿನಲ್ಲಿ, ಕೌಂಟರ್ ಮಾತ್ರ ಇರುವ ರೊಟ್ಟಿ ಅಂಗಡಿಯಲ್ಲಿ ಇರುತ್ತದೆ, ಅದಕ್ಕೊಂದು ಹೊತ್ತು ಇರುತ್ತದೆ, ಹೊತ್ತು ಮೀರಿದರೆ ಪಾತ್ರೆ ಖಾಲಿ. ಹತ್ತೂವರೆಗೆ ಎದ್ದು, ಸ್ನಾನ ಮಾಡಿ, ನಿಧಾನಕ್ಕೆ ಡಬಲ್ಸ್ ಅನ್ನೋ ಬೆಳಗಿನ ತಿಂಡಿ ಹುಡುಕಿಕೊಂಡು ಹೊರಟ ನನ್ನ ಸ್ನೇಹಿತರೊಬ್ಬರಿಗೆ ಸಿಕ್ಕಿದ್ದು ಬರೀ ಖಾಲಿ ಪೆಟ್ಟಿಗೆ ಮಡಚುತ್ತಿದ್ದ ಮನುಷ್ಯ.

ಡಬಲ್ಸ್‌ನಿಂದಲೇ ಶುರು ಮಾಡೋಣ. ಅರಿಶಿನ, ಜೀರಿಗೆ ಹಾಕಿ ಹುದುಗಿಸಿದ ಮೈದಾ ಹಿಟ್ಟನ್ನು ಅಂಗೈಯಗಲ ತಟ್ಟಿ ಎಣ್ಣೆಯಲ್ಲಿ ಕರಿದರೆ ಅದು ಬಾರಾ. ಪೂರಿಯಂತೆ ಗರಿಗರಿ ಅಲ್ಲ, ಮೆತ್ತಗೆ. ಅಂಥ ಎರಡು ಬಾರಾ, ನಡುವೆ ಕಾಬೂಲಿ ಕಡಲೆಯ ಗೊಜ್ಜು, ಮೇಲೆ ಸೌತೆಕಾಯಿ, ಹುಣಸೆ ಚಟ್ನಿ, ಖಾರದ ಸಾಸ್. ಎಲ್ಲವನ್ನೂ ಕಾಗದದಲ್ಲಿ ಸುತ್ತಿ ಎರಡೂ ತುದಿ ತಿರುಚಿ ಕೈಗೆ ಕೊಡುತ್ತಾರೆ. ಮೊಟ್ಟೆ ಇಲ್ಲ, ಮಾಂಸ ಇಲ್ಲ. ಒಂದಿದ್ದರೂ ಡಬಲ್ಸ್, ಹತ್ತಿದ್ದರೂ ಡಬಲ್ಸ್. 1930ರ ದಶಕದಲ್ಲಿ ಪ್ರಿನ್ಸಸ್ ಟೌನ್ ಅನ್ನೋ ಊರಿನಲ್ಲಿ ದೀನ್ ಎಂಬ ಕುಟುಂಬ ಒಂದೇ ಬಾರಾ ಮೇಲೆ ಕಡಲೆ ಹಾಕಿ ಮಾರುತ್ತಿತ್ತಂತೆ, ಗಿರಾಕಿಗಳು "ಡಬಲ್ ಮಾಡಿ ಕೊಡಿ" ಅಂತ ಕೇಳಿ ಕೇಳಿ ಅದೇ ಹೆಸರಾಯಿತು ಅನ್ನುತ್ತಾರೆ.

ಎಲ್ಲಿ ತಿನ್ನಬೇಕು? ವಿಮಾನ ಇಳಿದ ತಕ್ಷಣ. ನಿಜಕ್ಕೂ. ಪಿಯಾರ್ಕೊ ವಿಮಾನ ನಿಲ್ದಾಣದಲ್ಲೇ ಡಬಲ್ಸ್ ಸಿಗುತ್ತದೆ, ವಿದೇಶದಿಂದ ಬರುವ ಟ್ರಿನಿ ಜನ ಸೂಟ್‌ಕೇಸ್ ಪಕ್ಕಕ್ಕಿಟ್ಟು ಅಲ್ಲೇ ನಿಂತು ತಿನ್ನುವುದನ್ನು ನೋಡಬಹುದು. ಆಮೇಲೆ ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಯಾವ ಜಂಕ್ಷನ್‌ಗೆ ಹೋದರೂ ಸರಿ. ಕ್ಯೂರೆಪ್ ಜಂಕ್ಷನ್ ಇದಕ್ಕೆ ಹೆಸರುವಾಸಿ, ಅಲ್ಲಿ ರಾತ್ರಿಯೂ ಸಿಗುತ್ತದೆ. ಯಾವ ಗಾಡಿ ಒಳ್ಳೆಯದು ಅಂತ ನನ್ನನ್ನು ಕೇಳಬೇಡಿ. ಅದು ಅಲ್ಲಿ ಮನೆ ಮುರಿಯುವ ಜಗಳ. ಆಫೀಸಿಗೆ ಹೋಗುವವರು, ಪೊಲೀಸರು, ಯೂನಿಫಾರ್ಮ್ ಹಾಕಿದ ಮಕ್ಕಳು ಒಟ್ಟಿಗೆ ನಿಂತಿರುವ ಕಡೆ ನೀವೂ ನಿಂತುಕೊಳ್ಳಿ.

ಆದರೆ ಖಾರದ ವಿಷಯದಲ್ಲಿ ಹುಷಾರು. ಮಾರುವವರು ಕೇಳುವ ಒಂದೇ ಪ್ರಶ್ನೆ, "ಪೆಪ್ಪರ್?" ಅದಕ್ಕೆ ಉತ್ತರ "ಸ್ಲೈಟ್". ಅಂದರೆ ಒಂದು ಚೂರು. "ನಾವು ಬ್ಯಾಡಗಿ ಮೆಣಸಿನಕಾಯಿ ತಿಂದು ಬೆಳೆದವರು, ನಮಗೇನು" ಅಂತ ನಾನು ಮೊದಲ ವಾರ "ಹೆವಿ" ಅಂದುಬಿಟ್ಟೆ. ಬ್ಯಾಡಗಿ ಬಣ್ಣಕ್ಕೆ ಹೆಸರಾದ ಮೆಣಸಿನಕಾಯಿ ಅನ್ನೋದು ಆ ಹೊತ್ತಿಗೆ ನೆನಪಿಗೆ ಬರಲಿಲ್ಲ. ಈ ದ್ವೀಪದ ದಕ್ಷಿಣದಲ್ಲಿರುವ ಮೊರೂಗಾ ಊರಿನ ಹೆಸರಿನ ಮೊರೂಗಾ ಸ್ಕಾರ್ಪಿಯನ್ ಮೆಣಸಿನಕಾಯಿಯನ್ನು 2012ರಲ್ಲಿ ನ್ಯೂ ಮೆಕ್ಸಿಕೊ ಸ್ಟೇಟ್ ವಿಶ್ವವಿದ್ಯಾಲಯದವರು ಪ್ರಪಂಚದಲ್ಲೇ ಅತಿ ಖಾರದ್ದು ಅಂತ ಸಾರಿದ್ದರು. ಸಾಸ್‌ಗೆ ಅದನ್ನೇ ಹಾಕುತ್ತಾರೆ ಅಂತಲ್ಲ, ಆದರೆ ಆ ಊರಿನ ನಾಲಿಗೆ ಎಂಥದು ಅಂತ ಗೊತ್ತಾಗಲಿ. ಅಂದು ಮಧ್ಯಾಹ್ನದ ಮೀಟಿಂಗ್‌ನಲ್ಲಿ ನಾನು ಬಾಯಿ ಬಿಡಲಿಲ್ಲ.

ಬೆಳಗಿನ ಇನ್ನೊಂದು ತಿಂಡಿ ಸಾದಾ ರೊಟ್ಟಿ ಮತ್ತು ಚೋಕಾ. ಬಹಳ ಜನ ಪ್ರವಾಸಿಗರು ಡಬಲ್ಸ್ ಗದ್ದಲದಲ್ಲಿ ಇದನ್ನು ಮರೆಯುತ್ತಾರೆ. ನನ್ನ ಪ್ರಕಾರ ನಿಮ್ಮ ಅಮ್ಮನಿಗೆ ಅತಿ ಇಷ್ಟವಾಗೋದು ಇದೇ. ಬದನೆಕಾಯಿಯನ್ನು ಬೆಂಕಿಯ ಮೇಲೆ ಸುಟ್ಟು, ಸಿಪ್ಪೆ ತೆಗೆದು, ಬೆಳ್ಳುಳ್ಳಿ ಹಾಕಿ ಕಿವುಚಿ, ಮೇಲೆ ಬಿಸಿ ಎಣ್ಣೆಯ ಒಗ್ಗರಣೆ. ನಮ್ಮ ಸುಟ್ಟ ಬದನೆಕಾಯಿ ಗೊಜ್ಜಿನ ಅಕ್ಕನೋ ತಂಗಿಯೋ. ಟೊಮೆಟೊದ್ದೂ ಇದೆ. ಒಗ್ಗರಣೆಗೆ ಅವರು "ಚುಂಕೇ" ಅನ್ನುತ್ತಾರೆ, ಜೀರಿಗೆಗೆ "ಗೀರಾ". ಜೊತೆಗೆ ಕರಿದ ಬೋಡಿ ಕೇಳಿ, ಅದು ನಮ್ಮ ಅಲಸಂದೆ ಕಾಯಿ. ರೊಟ್ಟಿ ದಪ್ಪ, ಮೆತ್ತಗೆ, ಹೊಟ್ಟೆ ಉಬ್ಬಿಕೊಂಡಿರುತ್ತದೆ. ಇದೂ ಬೆಳಿಗ್ಗೆ ಒಂಬತ್ತರ ಮೇಲೆ ಸಿಗುವುದು ಕಷ್ಟ.

ಈ ಹೆಸರುಗಳೆಲ್ಲ ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಫತೆಲ್ ರಜಾಕ್ ಎಂಬ ಹಡಗು 1845ರ ಮೇ 30ರಂದು ಮೊದಲ ಸಲ ಭಾರತದ ಕೂಲಿಗಳನ್ನು ಕರೆದುಕೊಂಡು ಟ್ರಿನಿಡಾಡ್‌ಗೆ ಬಂತು. 1917ರವರೆಗೆ ಹೀಗೆ ಕಬ್ಬಿನ ತೋಟಗಳಿಗೆ ಬಂದವರು ಒಂದು ಲಕ್ಷ ನಲವತ್ತು ಸಾವಿರದ ಮೇಲೆ. ಹೆಚ್ಚಿನವರು ಈಗಿನ ಉತ್ತರ ಪ್ರದೇಶ, ಬಿಹಾರ ಕಡೆಯ ಭೋಜ್‌ಪುರಿ ಮಾತಾಡುವವರು, ಕೆಲವರು ಮದ್ರಾಸ್ ಬಂದರಿನಿಂದ ಹೊರಟವರು. ಕರಿಬೇವಿಗೆ ಅಲ್ಲಿ "ಕರಪುಲೆ" ಅನ್ನುತ್ತಾರೆ, ಆ ಪದ ದಕ್ಷಿಣದಿಂದ ಹೋಗಿದ್ದು ಅಂತ ಬೇರೆ ಹೇಳಬೇಕಾಗಿಲ್ಲ.

ಆದರೆ ಹೆಸರು ಕೇಳಿ ಮೋಸಹೋಗಬೇಡಿ. ಇದು ಇಂಡಿಯನ್ ರೆಸ್ಟೋರೆಂಟ್ ಊಟ ಅಲ್ಲ, ಹಾಗಂದುಕೊಂಡು ಹೋದರೆ "ನಮ್ಮದಕ್ಕೆ ಬರಲ್ಲ" ಅಂತ ಮೂಗು ಮುರಿದು ವಾಪಸ್ ಬರುತ್ತೀರಿ. ಅಲ್ಲಿ ಗುಲಾಬ್ ಜಾಮೂನ್ ಕೇಳಿದರೆ ಪಾಕದಲ್ಲಿ ಮುಳುಗಿದ ಉಂಡೆ ಬರುವುದಿಲ್ಲ, ಮೇಲೆ ಸಕ್ಕರೆ ಗಟ್ಟಿಯಾದ ಉದ್ದನೆ ಒಣ ತಿಂಡಿ ಬರುತ್ತದೆ. ಕುರ್ಮಾ ಅಂದರೆ ಚಪಾತಿ ಜೊತೆ ತಿನ್ನುವ ಸಾಗು ಅಲ್ಲ, ಸಕ್ಕರೆ ಪಾಕದ ಶಂಕರಪೋಳಿ! ಅವರ ಪಲ್ಯ, ಸಾರುಗಳ ಮುಖ್ಯ ವಾಸನೆ ಚಾಡನ್ ಬೆನಿ ಅನ್ನೋ ಸೊಪ್ಪಿನದು. ಕೊತ್ತಂಬರಿಯದೇ ಪರಿಮಳ, ಆದರೆ ಎಲೆ ಉದ್ದ, ಅಂಚು ಗರಗಸ, ವಾಸನೆ ಎರಡರಷ್ಟು.

ಮಧ್ಯಾಹ್ನ ರೊಟ್ಟಿ ಅಂಗಡಿ. ಹನ್ನೊಂದೂವರೆಗೆ ಹೋಗಿ, ಒಂದು ಗಂಟೆಗೆ ಸಾಲು ರಸ್ತೆಗೆ ಬಂದಿರುತ್ತದೆ. ಕೌಂಟರ್‌ನಲ್ಲಿ ಮೊದಲು ಕೇಳೋದು ಯಾವ ರೊಟ್ಟಿ ಅಂತ. ಧಾಲ್‌ಪುರಿ ಅಂದರೆ ಒಳಗೆ ಬೇಳೆ ಪುಡಿ ತುಂಬಿ ಲಟ್ಟಿಸಿದ್ದು, ಬೆಲ್ಲ ಹಾಕದ ಬೇಳೆ ಒಬ್ಬಟ್ಟು ಅಂದುಕೊಳ್ಳಿ, ಅಗಲ ಮಾತ್ರ ಟವೆಲ್ಲಿನಷ್ಟು. ಅದರೊಳಗೆ ಪಲ್ಯ ಇಟ್ಟು ದಿಂಬಿನ ಹಾಗೆ ಮಡಚಿ ಕೊಡುತ್ತಾರೆ. ಇನ್ನೊಂದು ಬಸ್-ಅಪ್-ಶಟ್. ಹೆಂಚಿನ ಮೇಲಿನ ಪರೋಟವನ್ನು ಎರಡು ಮರದ ಸಟ್ಟುಗಗಳಿಂದ ಬಡಿದು ಬಡಿದು ಚಿಂದಿ ಮಾಡುತ್ತಾರೆ, ನೋಡಲು ಹರಿದ ಅಂಗಿ ಥರ. ಹೆಸರಿನ ಅರ್ಥವೂ ಅದೇ, ಹರಿದ ಶರ್ಟ್. ಒಳಗಿನ ಪಲ್ಯಕ್ಕೆ ಕಡಲೆ-ಆಲೂ, ಕುಂಬಳಕಾಯಿ, ಸೊಪ್ಪಿನ ಭಾಜಿ, ಬೋಡಿ, ಸಿಹಿ-ಹುಳಿ-ಖಾರದ ಮಾವಿನಕಾಯಿ. ಇದೆಲ್ಲ ದಿನಾ ಇರುತ್ತದೆ. ಕಟಹರ್ ಕಂಡರೆ ಬಿಡಬೇಡಿ. ಹಲಸಿನ ಜಾತಿಯದೇ ಕಾಯಿ, ತೆಂಗಿನ ಹಾಲು ಹಾಕಿ ಮಾಡಿದ್ದು ಸಿಕ್ಕಿದರೆ ಕರಾವಳಿ ಮನೆಯವರಿಗೆ ಕಣ್ಣಲ್ಲಿ ನೀರು ಬರುತ್ತದೆ. ನಿಮಗೆ ಕೋಳಿ, ಆಡು ಎರಡೂ ಸಿಗುತ್ತವೆ. ಮೂಳೆ ಸಮೇತ ಹಾಕುತ್ತಾರೆ, ಕಚ್ಚುವಾಗ ನೋಡಿಕೊಳ್ಳಿ. ಭಾನುವಾರ ಬಹಳ ರೊಟ್ಟಿ ಅಂಗಡಿ ಮುಚ್ಚಿರುತ್ತವೆ, ಆ ದಿನಕ್ಕೆ ಬೇರೆ ಯೋಜನೆ ಇಟ್ಟುಕೊಳ್ಳಿ.

ಪೋರ್ಟ್ ಆಫ್ ಸ್ಪೇನ್‌ನಲ್ಲಿ ಉಳಿದುಕೊಂಡರೆ ವುಡ್‌ಬ್ರೂಕ್, ಸೇಂಟ್ ಜೇಮ್ಸ್ ಬಡಾವಣೆಗಳೆರಡೂ ಹತ್ತಿರ. ಸೇಂಟ್ ಜೇಮ್ಸ್‌ನ ಅಡ್ಡರಸ್ತೆಗಳಿಗೆ ಬಾಂಬೆ, ಲಕ್ನೋ, ಡೆಲ್ಲಿ ಅಂತೆಲ್ಲ ಹೆಸರು. ಅಲ್ಲಿಯ ವೆಸ್ಟರ್ನ್ ಮೇನ್ ರೋಡ್ ರಾತ್ರಿ ಮಲಗುವುದೇ ಇಲ್ಲ. ಕ್ವೀನ್ಸ್ ಪಾರ್ಕ್ ಓವಲ್ ಕ್ರಿಕೆಟ್ ಮೈದಾನವೂ ಇದೇ ಕಡೆ, 1976ರಲ್ಲಿ ಭಾರತ 403 ರನ್ ಗುರಿ ಬೆನ್ನಟ್ಟಿ ಗೆದ್ದ ಮೈದಾನ. ನಮ್ಮ ವಿಶ್ವನಾಥ್ 112, ಬ್ರಿಜೇಶ್ ಪಟೇಲ್ ಔಟಾಗದೆ 49. ನಾನು ಅದರ ಗೇಟಿನ ಮುಂದೆ ನಿಂತು ಡಬಲ್ಸ್ ತಿಂದು ಬೆಂಗಳೂರಿನಲ್ಲಿದ್ದ ಅಪ್ಪನಿಗೆ ಫೋಟೊ ಕಳಿಸಿದ್ದೆ. ಡಬಲ್ಸ್ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ, ಪೆವಿಲಿಯನ್ ಯಾವ ಕಡೆ ಅಂತ ಕೇಳಿದರು.

ರೈಟ್‌ಸನ್ ರೋಡ್ ಪಕ್ಕ ಸಮುದ್ರಕ್ಕೆ ಮುಖ ಮಾಡಿದ ಬ್ರೇಕ್‌ಫಸ್ಟ್ ಶೆಡ್ ಅಂತ ಒಂದಿದೆ. ಹೆಂಗಸರೇ ನಡೆಸುವ ಸಾಲು ಅಡುಗೆಮನೆಗಳು. ಕ್ರಿಯೋಲ್ ಊಟ, ಅಂದರೆ ಆಫ್ರಿಕನ್ ಮೂಲದವರ ಅಡುಗೆ, ಹೇಗಿರುತ್ತದೆ ಅಂತ ತಿಳಿಯಲು ಇದು ಸುಲಭದ ಜಾಗ, ನಿಮಗೆ ಮೀನಿನ ಊಟ ಇಲ್ಲೇ ಆಗಲಿ. ಆದರೆ ಸಸ್ಯಾಹಾರಿಗಳು ಕಣ್ಣು ತೆರೆದಿರಬೇಕಾದ್ದೂ ಇಲ್ಲೇ. ಕಾಲಲೂ ಅನ್ನೋದು ಕೆಸುವಿನ ಎಲೆ, ಬೆಂಡೆಕಾಯಿ, ತೆಂಗಿನ ಹಾಲು ಹಾಕಿ ಕಡೆದ ಹಸಿರು ಸಾರು, ನೋಡಲು ನೂರಕ್ಕೆ ನೂರು ಸಸ್ಯಾಹಾರ. ಬಹಳ ಸಲ ಅದರಲ್ಲಿ ಏಡಿ ಅಥವಾ ಉಪ್ಪು ಹಾಕಿದ ಹಂದಿಬಾಲ ಬೆಂದಿರುತ್ತದೆ. ಒಂದು ಸಮಾರಂಭದಲ್ಲಿ ನಾನು "ಇದರಲ್ಲಿ ಮೀಟ್ ಇದೆಯಾ" ಅಂತ ಕೇಳಿ, "ಇಲ್ಲ ಇಲ್ಲ" ಅನ್ನಿಸಿಕೊಂಡು, ಎರಡನೇ ಚಮಚದಲ್ಲಿ ಏಡಿಯ ಕಾಲು ಕಂಡೆ. ಬಡಿಸಿದವರದು ತಪ್ಪಲ್ಲ. ಏಡಿ, ಮೀನು ಅವರ ಲೆಕ್ಕದಲ್ಲಿ ಮೀಟ್ ಅಲ್ಲ! ರಾಜ್ಮಾ ಥರದ ಕೆಂಪು ಕಾಳಿನ ಸಾರಿಗೂ ಹಂದಿಬಾಲ ಹಾಕುವುದುಂಟು. ಮ್ಯಾಕರೋನಿ ಪೈ ಅಂದರೆ ಮೊಟ್ಟೆ. ಪೆಲಾವ್ ಅಂದರೆ ಸಕ್ಕರೆಯನ್ನು ಎಣ್ಣೆಯಲ್ಲಿ ಕಪ್ಪಾಗಿಸಿ, ಅದರಲ್ಲಿ ಕೋಳಿ ಹೊರಳಿಸಿ, ಅಕ್ಕಿ ಮತ್ತು ತೊಗರಿಕಾಳು ಹಾಕಿ ಬೇಯಿಸಿದ್ದು. ನೀವು ತಿನ್ನಿ, ಅವರಿಬ್ಬರಿಗೆ ಬೇಡ. ಅಂದಹಾಗೆ ಜನವರಿ ಅಲ್ಲಿಯೂ ಹಸಿ ತೊಗರಿಕಾಯಿ ಕಾಲ. ರಸ್ತೆ ಬದಿಯಲ್ಲಿ ಸುಲಿದು ಚೀಲದಲ್ಲಿಟ್ಟು ಮಾರುತ್ತಿರುತ್ತಾರೆ, ಅಮ್ಮನಿಗೆ ತೋರಿಸಿ.

ಈಗ ಉಪವಾಸದ ವಿಷಯ. "ವೆಜಿಟೇರಿಯನ್" ಅಂದರೆ ಮೀನು ತಿನ್ನಬಹುದೇನೋ ಅಂತ ಕೆಲವರಿಗೆ ಅನುಮಾನ ಇರುತ್ತದೆ. "ಫಾಸ್ಟಿಂಗ್" ಅಂದರೆ ಯಾರಿಗೂ ಅನುಮಾನ ಇಲ್ಲ. ಟ್ರಿನಿಡಾಡ್‌ನ ಹಿಂದೂಗಳು ಪೂಜೆ, ಹಬ್ಬಕ್ಕೆ ಮುಂಚೆ ಮಾಂಸ, ಮೀನು, ಮೊಟ್ಟೆ ಬಿಡುತ್ತಾರೆ, ಅದಕ್ಕೆ ಅವರ ಮಾತು ಅದು. ಅಮ್ಮ ಹೊಟ್ಟೆ ತುಂಬ ಉಂಡೇ "ಐ ಆ್ಯಮ್ ಫಾಸ್ಟಿಂಗ್" ಅನ್ನಲಿ, ಅಡುಗೆಯವರು ತಾವಾಗಿಯೇ ಬೇರೆ ಸೌಟು ತೆಗೆದುಕೊಳ್ಳುತ್ತಾರೆ. ಹಿಂದೂಗಳದ್ದಲ್ಲದ ಜಾಗದಲ್ಲಿ "ಐಟಲ್" ಅಂತ ಬೋರ್ಡ್ ಕಂಡರೆ ಅದು ರಾಸ್ತಾಫಾರಿ ಎಂಬ ಕೆರಿಬಿಯನ್ ಪಂಥದ ಜನರ ಮಾಂಸವಿಲ್ಲದ ಅಡುಗೆ, ಉಪ್ಪು ಕಮ್ಮಿ ಇರಬಹುದು. ಇನ್ನೊಂದು ಚಿಕ್ಕ ವಿಷಯ. ಏನು ಕೊಳ್ಳುವ ಮೊದಲೂ "ಗುಡ್ ಮಾರ್ನಿಂಗ್" ಅನ್ನಬೇಕು, ಸುಮ್ನೆ ಹೋಗಿ "ಟು ಡಬಲ್ಸ್" ಅಂದರೆ ಒರಟರು ಅಂದುಕೊಳ್ಳುತ್ತಾರೆ. ಕತ್ತಲಾದ ಮೇಲೆ ಬರುವಾಗಲೇ "ಗುಡ್ ನೈಟ್" ಅನ್ನುತ್ತಾರೆ, ಬೀಳ್ಕೊಡುವುದಕ್ಕಲ್ಲ. ಮೊದಲ ದಿನ ನಾನು "ಇವರು ಅಂಗಡಿ ಮುಚ್ಚುತ್ತಿದ್ದಾರೆ" ಅಂತ ವಾಪಸ್ ಬಂದಿದ್ದೆ.

ನಾಲ್ಕು ದಿನದಲ್ಲಿ ಒಂದು ಮಧ್ಯಾಹ್ನ ದಕ್ಷಿಣಕ್ಕೆ, ಡೆಬೆ ಅನ್ನೋ ಊರಿಗೆ ಮೀಸಲಿಡಿ. ಸ್ಯಾನ್ ಫರ್ನಾಂಡೊ ದಾಟಿ ಹೋಗಬೇಕು, ರಾಜಧಾನಿಯಿಂದ ಒಂದು ಗಂಟೆಗಿಂತ ಜಾಸ್ತಿ, ಟ್ರಾಫಿಕ್ ಸಿಕ್ಕರೆ ಎರಡು. ಹಸಿರು ಪಟ್ಟಿ ಬಳಿದ ಮ್ಯಾಕ್ಸಿ ಟ್ಯಾಕ್ಸಿ (ಅಂದರೆ ಮಿನಿಬಸ್) ಸ್ಯಾನ್ ಫರ್ನಾಂಡೊವರೆಗೆ ಹೋಗುತ್ತದೆ, ಅಮ್ಮ ಜೊತೆಗಿರುವಾಗ ಕಾರು ಮಾಡಿಕೊಂಡು ಹೋಗುವುದೇ ವಾಸಿ. ಡೆಬೆಯಲ್ಲಿ ರಸ್ತೆ ಉದ್ದಕ್ಕೂ ಅಂಗಡಿ ಸಾಲು, ಬಿಸಿ ಎಣ್ಣೆ ವಾಸನೆ. ಕರಿದದ್ದು ಬಿಟ್ಟು ಬೇರೇನೂ ಇಲ್ಲ, ಅದೇ ಅದರ ಚಂದ. ಫುಲೌರಿ ಅಂದರೆ ಬೇಳೆ ಹಿಟ್ಟಿನ ಪುಟ್ಟ ಬೋಂಡಾ, ಮಾವಿನಕಾಯಿ ಚಟ್ನಿಯಲ್ಲಿ ಅದ್ದಿ ತಿನ್ನಬೇಕು. ಬೈಗನಿ ಬದನೆಕಾಯಿ ಬಜ್ಜಿ. ಆಲೂ ಪೈ ಹೊಟ್ಟೆ ಸೀಳಿ ಕಡಲೆ ತುಂಬಿಸಿಕೊಡುತ್ತಾರೆ. ಸಹೀನಾ ಮಾತ್ರ ನನಗೆ ಈಗಲೂ ಕನಸಿನಲ್ಲಿ ಬರುತ್ತದೆ. ಕೆಸುವಿನ ಎಲೆಗೆ ಬೇಳೆ ಹಿಟ್ಟು ಸವರಿ, ಸುತ್ತಿ, ಕತ್ತರಿಸಿ ಕರಿದದ್ದು. ನಮ್ಮ ಪತ್ರೊಡೆ ಸಮುದ್ರ ದಾಟಿ ಹೋಗಿ ಎಣ್ಣೆಗೆ ಬಿದ್ದ ಹಾಗೆ. ಅದನ್ನೂ ಸೀಳಿ ಕಡಲೆ ಹಾಕಿ ಕೊಡುತ್ತಾರೆ. ಮೂವರು ಒಂದೊಂದರಲ್ಲಿ ಎರಡೆರಡು ತಗೊಂಡು ಹಂಚಿಕೊಳ್ಳಿ, ಇಲ್ಲದಿದ್ದರೆ ಮೂರನೇ ಐಟಂಗೇ ಸೋಲುತ್ತೀರಿ.

ಇನ್ನೊಂದು ದಿನ ಮರಾಕಸ್ ಬೀಚ್. ಬೆಟ್ಟದ ರಸ್ತೆ, ಮುಕ್ಕಾಲು ಗಂಟೆ. ದಾರಿಯ ವ್ಯೂ ಪಾಯಿಂಟ್‌ನಲ್ಲಿ "ಚೌ" ತಿನ್ನಿ. ಅನಾನಸ್ ಅಥವಾ ಮಾವಿನಕಾಯಿ ಹೋಳಿಗೆ ಉಪ್ಪು, ಬೆಳ್ಳುಳ್ಳಿ, ಮೆಣಸಿನಕಾಯಿ, ಆ ಚಾಡನ್ ಬೆನಿ ಸೊಪ್ಪು. ಶಾಲೆ ಮುಂದೆ ಉಪ್ಪು-ಖಾರ ಹಚ್ಚಿದ ಮಾವಿನಕಾಯಿ ತಿಂದ ಯಾರಿಗೂ ಇದನ್ನು ವಿವರಿಸಬೇಕಿಲ್ಲ. ಬೀಚಿನಲ್ಲಿ ಪ್ರಸಿದ್ಧವಾದದ್ದು ಬೇಕ್ ಆ್ಯಂಡ್ ಶಾರ್ಕ್. ಬೇಕ್ ಅಂದರೆ ಓವನ್‌ನದ್ದಲ್ಲ, ಎಣ್ಣೆಯಲ್ಲಿ ಕರಿದ ಉಬ್ಬು ರೊಟ್ಟಿ, ಒಳಗೆ ಕರಿದ ಶಾರ್ಕ್ ಮೀನು. ಎಲ್ಲರೂ ರಿಚರ್ಡ್ಸ್ ಅಂಗಡಿಗೇ ಹೋಗುತ್ತಾರೆ, ಪಕ್ಕದವರದ್ದೂ ಚೆನ್ನಾಗೇ ಇರುತ್ತದೆ. ಶಾರ್ಕ್ ಸಂತತಿ ಕಮ್ಮಿಯಾಗುತ್ತಿದೆ, ನನ್ನನ್ನು ಕೇಳಿದರೆ ಕಿಂಗ್‌ಫಿಶ್ ಹಾಕಿಸಿಕೊಳ್ಳಿ, ಅದು ನಮ್ಮ ಅಂಜಲ್. ಸೊಪ್ಪು, ಅನಾನಸ್, ಹುಣಸೆ, ಬೆಳ್ಳುಳ್ಳಿ ಸಾಸ್ ಎಲ್ಲ ನೀವೇ ಹಾಕಿಕೊಳ್ಳುವ ಟೇಬಲ್ ಇರುತ್ತದೆ, ಹೆಂಡತಿ, ಅಮ್ಮ ಬರೀ ಬೇಕ್ ತಗೊಂಡು ಅದನ್ನೇ ತುಂಬಿಸಿಕೊಳ್ಳಬಹುದು. ಆದರೆ ಬೇಕ್ ಕರಿಯುವುದು ಮೀನು ಕರಿದ ಎಣ್ಣೆಯಲ್ಲೇನಾ ಅಂತ ಮೊದಲು ಕೇಳಿ. ಬೆಳ್ಳುಳ್ಳಿ ಸಾಸ್‌ನಲ್ಲಿ ಮೊಟ್ಟೆ ಇದ್ದೀತು, ಅದನ್ನು ಬಿಟ್ಟುಬಿಡಲಿ.

ಸಂಜೆಗೆ ಪೋರ್ಟ್ ಆಫ್ ಸ್ಪೇನ್‌ನ ದೊಡ್ಡ ಬಯಲು ಕ್ವೀನ್ಸ್ ಪಾರ್ಕ್ ಸವಾನ್ನಾ ಸುತ್ತ ಎಳನೀರು, ಜೋಳದ ಸೂಪ್. ಸೂಪಿಗೆ ಹಂದಿಬಾಲ ಹಾಕಿಲ್ಲ ಅಂತ ಕೇಳಿಕೊಂಡೇ ತಗೊಳ್ಳಿ. ಕುಡಿಯಲು ಮೌಬಿ ಅನ್ನೋ ತೊಗಟೆಯ ಕಹಿ ಪಾನಕ ಇದೆ, ಒಮ್ಮೆ ಸಾಕು. ಸಾರೆಲ್ ಚೆನ್ನ, ನಮ್ಮ ಪುಂಡಿ ಜಾತಿಯ ಗಿಡದ ಕೆಂಪು ಹೂತೊಟ್ಟಿನ ಶರಬತ್ತು. ಕ್ರಿಸ್‌ಮಸ್ ಕಾಲದ್ದು, ಜನವರಿಯಲ್ಲೂ ಉಳಿದಿರುತ್ತದೆ.

ಟೊಬೆಗೊ ಬೇರೆ ಲೋಕ. ವಿಮಾನದಲ್ಲಿ ಅರ್ಧ ಗಂಟೆಯೂ ಇಲ್ಲ, ಆದರೆ ಅಲ್ಲಿ ಭಾರತೀಯ ಮೂಲದವರು ಬಹಳ ಕಮ್ಮಿ, ಊಟ ಆಫ್ರಿಕನ್ ಮೂಲದ್ದು. ಸ್ಟೋರ್ ಬೇ ಬೀಚಿನ ಪಕ್ಕ ಹೆಂಗಸರ ಅಡುಗೆ ಅಂಗಡಿಗಳ ಸಾಲಿದೆ, ಅಲ್ಲಿಯ ಏಡಿ ಕರಿ ಮತ್ತು ಡಂಪ್ಲಿಂಗ್‌ಗೆ ಟ್ರಿನಿಡಾಡ್‌ನವರೇ ಹಾತೊರೆದು ಬರುತ್ತಾರೆ. ಕೈಯಲ್ಲೇ ತಿನ್ನಬೇಕು, ಬಿಳಿ ಅಂಗಿ ಬೇಡ. ಸಸ್ಯಾಹಾರಿಗಳು "ಪ್ರೊವಿಷನ್" ಕೇಳಿ, ಅಂದರೆ ಬೇಯಿಸಿದ ಕೆಸುವಿನ ಗೆಡ್ಡೆ, ಮರಗೆಣಸು, ಗೆಣಸು, ಬಾಳೆಕಾಯಿ. ಬಾಳೆಕಾಯಿಗೆ "ಗ್ರೀನ್ ಫಿಗ್" ಅಂತಾರೆ, ಅಂಜೂರ ಅಂದುಕೊಂಡು ಕಾಯಬೇಡಿ. ಜೊತೆಗೆ ಬೇಳೆ ಸಾರು ಹಾಕಿಸಿಕೊಂಡರೆ ಊಟ ಮುಗಿಯಿತು. ಜೀಗುಜ್ಜೆ ಕೂಡ ಕೇಳಿ ನೋಡಿ. ಇಷ್ಟಾದರೂ ಮೂರನೇ ದಿನಕ್ಕೆ ಅಮ್ಮನಿಗೆ ಬೇಜಾರಾಗಬಹುದು, ಆದ್ದರಿಂದ ಬುಕಿಂಗ್ ಇನ್ನೂ ಆಗಿಲ್ಲದಿದ್ದರೆ ಟ್ರಿನಿಡಾಡ್ ಐದು, ಟೊಬೆಗೊ ಎರಡು ಮಾಡಿಕೊಳ್ಳಿ, ಅಡುಗೆಮನೆ ಇರುವ ರೂಮ್ ಹಿಡಿಯಿರಿ.

ದುಡ್ಡು: ಒಂದು ಅಮೆರಿಕನ್ ಡಾಲರ್‌ಗೆ ಸುಮಾರು ಆರೂಮುಕ್ಕಾಲು ಟಿಟಿ ಡಾಲರ್. ಡಬಲ್ಸ್ ಹತ್ತರೊಳಗೆ ಬರುತ್ತದೆ, ಅದಕ್ಕೆ ನೂರರ ನೋಟು ಕೊಟ್ಟರೆ ಮುಖ ನೋಡುತ್ತಾರೆ, ಐದು ಹತ್ತರ ಚಿಲ್ಲರೆ ಜೇಬಿನಲ್ಲಿರಲಿ. ಕತ್ತಲಾದ ಮೇಲೆ ಗೊತ್ತಿಲ್ಲದ ಬೀದಿಯಲ್ಲಿ ನಡೆದು ಹೋಗಬೇಡಿ, ಹೋಟೆಲ್‌ನವರು ಹೇಳಿದ ಟ್ಯಾಕ್ಸಿ ಮಾಡಿಕೊಳ್ಳಿ. ವಾಪಸ್ ಬರುವಾಗ ಕುಚೇಲಾ ತನ್ನಿ. ಹೆಸರು ಕೇಳಿ ನಗಬೇಡಿ, ತುರಿದ ಮಾವಿನಕಾಯಿಯ ಸಾಸಿವೆ ಎಣ್ಣೆ ಉಪ್ಪಿನಕಾಯಿ ಅದು, ಮೊಸರನ್ನಕ್ಕೆ ಪ್ರಾಣ. ಬಾಟಲಿ ಚೆಕ್-ಇನ್ ಬ್ಯಾಗಿಗೆ ಹಾಕಿ, ಎರಡು ಪ್ಲಾಸ್ಟಿಕ್ ಚೀಲ ಸುತ್ತಿ. ನನ್ನದು ಒಡೆದು ಒಂದು ರೇಷ್ಮೆ ಸೀರೆ ಹಾಳಾಗಿದೆ, ಸೀರೆ ನನ್ನದಲ್ಲ.